ಇಪ್ಪತ್ತೆಂಟು ನಂಬರಿನ ತಂತಿ, ಹಳೆಯ ಲ್ಯಾಪ್‌ಟಾಪಿನ ಸೆಲ್

ತಂಗಿಯ ಮಗಳು ಒಂಬತ್ತನೆಯ ತರಗತಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಶರಾವತಿ ಕಣಿವೆಯ ಉಬ್ಬು ನಕ್ಷೆ ಮಾಡುತ್ತೇನೆಂದು ಹೆಸರು ಕೊಟ್ಟು ಬಂದಿದ್ದಳು. ಹೆಸರು ಕೊಟ್ಟ ಮೇಲೆ ನನ್ನ ಬಳಿ ಬಂದಳು. ಕ್ರಮ ಯಾವಾಗಲೂ ಹೀಗೆಯೇ. ನಕ್ಷೆಯ ಸಮೋನ್ನತ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು, ಥರ್ಮೊಕೋಲ್ ಹಲಗೆಗಳ ಮೇಲೆ ಬಿಡಿಸಿ, ಒಂದೊಂದನ್ನೇ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿದರೆ ಬೆಟ್ಟ ತಾನಾಗಿ ಎದ್ದು ನಿಲ್ಲುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಒಂದು ಪದರಕ್ಕೆ ನೂರು ಮೀಟರ್ ಎಂದು ಲೆಕ್ಕ ಇಟ್ಟುಕೊಂಡೆವು.

ಅಲಂಕಾರಕ್ಕೆ ಥರ್ಮೊಕೋಲ್ ಬಳಸುವುದು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಹಾಗಾಗಿ ಹೊಸದನ್ನು ಕೊಳ್ಳುವ ಮಾತಿರಲಿಲ್ಲ. ಫ್ರಿಜ್ಜಿನ ಜೊತೆಗೆ ಬಂದ ಪ್ಯಾಕಿಂಗ್ ತುಂಡುಗಳು ಎರಡು ವರ್ಷದಿಂದ ಅಟ್ಟದ ಮೇಲೆ ಬಿದ್ದಿದ್ದವು. ಅವನ್ನು ಕೆಳಗಿಳಿಸಿ ತರಕಾರಿ ಚಾಕುವಿನಲ್ಲಿ ಕೊಯ್ಯಲು ಹೋದಳು. ಮನೆಯೆಲ್ಲ ಸಾಬಕ್ಕಿ ಚೆಲ್ಲಿದ ಹಾಗಾಯಿತು. ಕಾಳುಗಳು ಪರದೆಗೆ ಅಂಟಿದವು, ಬೆಕ್ಕಿಗೆ ಅಂಟಿದವು, ಗುಡಿಸಿದರೆ ಪೊರಕೆಗೂ ಅಂಟಿದವು. ಬಿಸಿ ತಂತಿಯ ಕಟರ್ ಮಾಡೋಣ ಎಂದೆ. ಒಂದು ಶನಿವಾರದ ಕೆಲಸ ಎಂದುಕೊಂಡಿದ್ದೆ. ಎರಡು ವಾರ ಹಿಡಿಯಿತು.

ಕಟರಿನ ತತ್ತ್ವದಲ್ಲಿ ಗುಟ್ಟೇನಿಲ್ಲ. ನೈಕ್ರೋಮ್ ಎಂಬ ನಿಕಲ್-ಕ್ರೋಮಿಯಂ ಮಿಶ್ರಲೋಹದ ತಂತಿಯನ್ನು ಬಿಗಿಯಾಗಿ ಕಟ್ಟಿ ಅದರಲ್ಲಿ ವಿದ್ಯುತ್ ಹರಿಸಬೇಕು. ಥರ್ಮೊಕೋಲಿನ ಮೂಲವಸ್ತುವಾದ ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಮೆತ್ತಗಾಗುತ್ತದೆ. ಬೆಣ್ಣೆಯಲ್ಲಿ ದಾರ ಹಾಯ್ದ ಹಾಗೆ ತಂತಿ ಹಾದು ಹೋಗುತ್ತದೆ. ಇದನ್ನೇ ಫ್ಯಾನ್ ರೆಗ್ಯುಲೇಟರಿಗೆ ಸಿಕ್ಕಿಸಿ ನೇರವಾಗಿ 230 ವೋಲ್ಟಿನಲ್ಲಿ ನಡೆಸುವವರನ್ನು ಕಂಡಿದ್ದೇನೆ. ಬರಿ ತಂತಿಯ ಪಕ್ಕದಲ್ಲಿ ಬೆರಳಿಟ್ಟು ಮಾಡುವ ಕೆಲಸಕ್ಕೆ ಮನೆಯ ಲೈನಿನ ಕರೆಂಟು ತರುವುದು ಹುಚ್ಚುತನವೂ ಅಲ್ಲ, ಅದಕ್ಕಿಂತ ಮುಂದಿನದು. ಅಡಾಪ್ಟರ್ ಬಳಸಬಹುದಿತ್ತು. ಆದರೆ ಪ್ರದರ್ಶನದ ಮೇಜಿನ ಮೇಲೆ ಕತ್ತರಿಸಿಯೇ ತೋರಿಸಬೇಕೆಂಬುದು ಇವಳ ಹಟ. ಅಲ್ಲಿ ಪ್ಲಗ್ ಸಿಗುವ ಭರವಸೆ ಇಲ್ಲ. ಮೇಲಾಗಿ ನನ್ನ ಡ್ರಾಯರಿನಲ್ಲಿ ಸತ್ತ ಲ್ಯಾಪ್‌ಟಾಪಿನ ಬ್ಯಾಟರಿಯೊಂದು ಬಹಳ ದಿನದಿಂದ ಕಾಯುತ್ತಿತ್ತು.

ಮೊದಲ ಶನಿವಾರ: ಸೆಲ್‌ಗಳು

ಬ್ಯಾಟರಿಯ ಪ್ಲಾಸ್ಟಿಕ್ ಕವಚವನ್ನು ಅಂಚಿನ ಗೀರಿನಗುಂಟ ಬಿಡಿಸಿದೆ. ಚೂಪಾದ ಸ್ಕ್ರೂಡ್ರೈವರನ್ನು ಒಳಗೆ ತಳ್ಳಲಿಲ್ಲ, ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ತೂರಿಸಿ ಸೀಳಿದೆ. ಒಳಗೆ ಆರು ಸೆಲ್‌ಗಳು, ಎರಡೆರಡರ ಮೂರು ಜೋಡಿ. ಎಲ್ಲವೂ 18650, ಅಂದರೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಕೊನೆಯ ಸೊನ್ನೆ ಸಿಲಿಂಡರ್ ಆಕಾರದ ಗುರುತು. ಮೈಮೇಲೆ 2200 ಮಿಲಿಆಂಪಿಯರ್ ಗಂಟೆ ಎಂದು ಬರೆದಿತ್ತು. ಇಂಥ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಬಳಕೆಯ ಬಹುಪಾಲು 3.7ರ ಆಸುಪಾಸು, 3ಕ್ಕಿಂತ ಕೆಳಗೆ ಇಳಿಸಬಾರದು.

ಮಲ್ಟಿಮೀಟರ್ ಇಟ್ಟು ನೋಡಿದರೆ ಒಂದು 0.9 ವೋಲ್ಟ್, ಇನ್ನೊಂದು 1.2. ಈ ಎರಡನ್ನು ಅಲ್ಲಿಯೇ ಬದಿಗಿಟ್ಟೆ. ಅಷ್ಟು ಕೆಳಗೆ ಹೋಗಿ ಬಹುಕಾಲ ಬಿದ್ದಿದ್ದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಲು ಶುರುವಾಗಿರುತ್ತದೆ. ಚಾರ್ಜ್ ಮಾಡುವಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಚಾರ್ಜರಿಗೆ ಹಾಕಿದರೆ ಜೀವ ಬಂದ ಹಾಗೆ ತೋರುತ್ತದೆ, ನಂಬಬಾರದು. ಎರಡೂ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಇ-ತ್ಯಾಜ್ಯದ ಡಬ್ಬಿಗೆ ಹಾಕಿದೆ.

ಉಳಿದ ನಾಲ್ಕನ್ನು 4.2ಕ್ಕೆ ತುಂಬಿಸಿ, ಮೇಲೆ ಚೀಟಿ ಅಂಟಿಸಿ, ಒಂದು ವಾರ ಮುಟ್ಟದೆ ಬಿಟ್ಟೆ. ವಾರ ಕಳೆದ ಮೇಲೆ ಮೂರು 4.1ರ ಮೇಲೇ ಇದ್ದವು. ಒಂದು 3.8ಕ್ಕೆ ಜಾರಿತ್ತು, ಕೆಲಸವೇ ಮಾಡದೆ. ಅದೂ ಹೊರಗೆ. ಆರರಲ್ಲಿ ಮೂರು ಉಳಿದವು. ಹಳೆಯ ಬ್ಯಾಟರಿಯಿಂದ ಸೆಲ್ ಕೀಳುವವರಿಗೆ ಈ ಪ್ರಮಾಣ ಕೆಟ್ಟದ್ದೇನಲ್ಲ.

ಸೆಲ್ಲಿನ ಮೈಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆಯ ಬಗ್ಗೆ ಒಂದು ಮಾತು. ಆ ಲೋಹದ ಡಬ್ಬಿ ಪೂರ್ತಿ, ಮೇಲಿನ ಅಂಚಿನವರೆಗೂ, ಋಣ ತುದಿ. ಧನ ತುದಿಯ ಗುಬುಟಿಗೂ ಅದಕ್ಕೂ ನಡುವೆ ಒಂದು ಎಳೆ ಜಾಗ ಮಾತ್ರ. ಹೊದಿಕೆ ಅಲ್ಲಿ ಹರಿದಿದ್ದರೆ, ಅಡ್ಡ ಬಂದ ಒಂದು ಲೋಹದ ಪಟ್ಟಿ ಸಾಕು. ಕೀಲಿಕೈ ಇರುವ ಜೇಬಿಗೆ ಬಿಡಿ ಸೆಲ್ ಹಾಕಿಕೊಂಡು ತೊಡೆ ಸುಟ್ಟುಕೊಂಡವರಿಗೆ ಆದದ್ದು ಹೀಗೆಯೇ. ನನ್ನ ಮೂರರಲ್ಲಿ ಒಂದರ ಹೊದಿಕೆ, ಬೆಸೆದ ನಿಕಲ್ ಪಟ್ಟಿ ಕೀಳುವಾಗ ಸೀಳಿತ್ತು. ಕಾಗದದ ಇನ್ಸುಲೇಟರ್ ಬಿಲ್ಲೆ ಅಂಟಿಸಿ, ಹೊಸ ಹೊದಿಕೆ ತೊಡಿಸಿ, ಬಿಸಿಗಾಳಿ ಊದಿ ಮೈಗೆ ಕೂರಿಸಿದೆ.

ಎರಡನೆಯ ಶನಿವಾರ: ಮೇಜು, ತಂತಿ ಮತ್ತು ನನ್ನ ಲೆಕ್ಕ

ಮೇಜಿಗೆ ಹಳೆಯ ಕೇರಂ ಬೋರ್ಡ್. ಕೆಲವರು ನಗುತ್ತಾರೆ, ಆದರೆ ಥರ್ಮೊಕೋಲ್ ಜಾರುವುದಕ್ಕೆ ಇದಕ್ಕಿಂತ ನುಣುಪಾದ ಹಲಗೆ ಮನೆಯಲ್ಲಿ ಬೇರೆ ಇಲ್ಲ. ಬೇಕಾದರೆ ಚಿಟಿಕೆ ಪೌಡರ್ ಉದುರಿಸಿದರಾಯಿತು. ನಡುವಿನ ವೃತ್ತದಲ್ಲಿ ಒಂದು ತೂತು. ಹಿಂದಿನಿಂದ ಮುಕ್ಕಾಲು ಇಂಚಿನ ಪಿವಿಸಿ ಪೈಪು ಮೇಲೆದ್ದು, ಎಲ್ಬೋ ಹಾಕಿ ತಿರುಗಿ, ತೂತಿನ ನೇರಕ್ಕೆ ಬಂದು ನಿಲ್ಲುತ್ತದೆ. ಮೇಲಿನ ತುದಿಯಿಂದ ಕೆಳಗಿನ ತುದಿಗೆ ನೆಟ್ಟಗೆ ತಂತಿ, ವಿದ್ಯುತ್ ಹಾಯುವ ಉದ್ದ 20 ಸೆಂಟಿಮೀಟರ್. ಪಕ್ಕದಲ್ಲಿ ಮರದ ಪಟ್ಟಿಯೊಂದನ್ನು ತಂತಿಯಿಂದ 10 ಮಿಲಿಮೀಟರ್ ದೂರಕ್ಕೆ ಕಟ್ಟಿದರೆ ಪ್ಯಾಕಿಂಗಿನ ದಪ್ಪ ತುಂಡುಗಳನ್ನು ತೆಳು ಹಲಗೆಗಳಾಗಿ ಸೀಳಬಹುದು; ಪಟ್ಟಿ ತೆಗೆದರೆ ಅಂಕುಡೊಂಕಿನ ಗೆರೆ ಕತ್ತರಿಸಬಹುದು. ಅಗಲದ ತುಂಡು ಸೀಳಬೇಕು ಎಂಬ ಕಾರಣಕ್ಕೇ 20 ಸೆಂಟಿಮೀಟರ್ ಬೇಕಾದದ್ದು.

ತಂತಿ ಬಿಸಿಯಾದಾಗ ಹಿಗ್ಗುತ್ತದೆ. 20 ಸೆಂಟಿಮೀಟರ್ ನೈಕ್ರೋಮ್ 300 ಡಿಗ್ರಿಯಷ್ಟು ಬಿಸಿಯೇರಿದರೆ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟಕ್ಕೇ ಜೋಲಿ ಬಿದ್ದು ಕೊಯ್ತ ಬಾಗುತ್ತದೆ. ಅದಕ್ಕಾಗಿ ಕೆಳಗೆ ಒಂದು ಸ್ಪ್ರಿಂಗ್ ಬೇಕು. ಸ್ಪ್ರಿಂಗಿನ ಮೂಲಕ ಮಾತ್ರ ವಿದ್ಯುತ್ ಹಾಯಿಸಬಾರದು, ಬಿಸಿಗೆ ಅದರ ಬಿಗಿಯೇ ಸತ್ತುಹೋಗುತ್ತದೆ. ತಂತಿಯ ತುದಿಯಿಂದಲೇ ಬೇರೆ ಮೆದು ತಾಮ್ರದ ವೈರ್ ಎಳೆದೆ. ನೈಕ್ರೋಮಿಗೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ, ಮಣಿಯಾಗಿ ಉರುಳಿ ಬೀಳುತ್ತದೆ. ಕನೆಕ್ಟರ್ ಪಟ್ಟಿಯ ಪ್ಲಾಸ್ಟಿಕ್ ಸುಲಿದು ಒಳಗಿನ ಹಿತ್ತಾಳೆಯ ತುಂಡುಗಳಲ್ಲಿ ತಿರುಪಿನಿಂದ ಬಿಗಿದೆ.

ಈಗ ಲೆಕ್ಕ. ನನ್ನ ಹಳೆಯ ಅನುಭವದಲ್ಲಿ ಈ ದಪ್ಪದ ತಂತಿಗೆ ಸೆಂಟಿಮೀಟರಿಗೆ ಅರ್ಧ ವ್ಯಾಟ್ ಎಂದರೆ ಮೇಲಿನ ಮಿತಿ. 20 ಸೆಂಟಿಮೀಟರಿಗೆ 10 ವ್ಯಾಟ್. ತಂದಿದ್ದದ್ದು 28 ನಂಬರಿನ ನೈಕ್ರೋಮ್. ನಂಬರ್, ಅಂದರೆ ಗೇಜ್, ಹೇಳುವುದು ತಂತಿಯ ದಪ್ಪವನ್ನು; ನಂಬರ್ ಹೆಚ್ಚಿದಷ್ಟೂ ತಂತಿ ತೆಳು. ಮೊಬೈಲಿನಲ್ಲಿ ಸಿಕ್ಕ ಕೋಷ್ಟಕದ ಪ್ರಕಾರ 28 ಗೇಜಿಗೆ ಮೀಟರಿಗೆ 13.5 ಓಮ್. ಹಾಗಾದರೆ ನನ್ನ ತುಂಡಿನ ರೋಧ 2.7 ಓಮ್. ಒಂದು ಸೆಲ್ಲಿನ 3.7 ವೋಲ್ಟ್ ಕೊಟ್ಟರೆ 5 ವ್ಯಾಟ್ ಮಾತ್ರ, ಸಾಲದು. ಎರಡು ಸೆಲ್ ಸರಣಿಯಲ್ಲಿ ಇಟ್ಟು 7.4 ಕೊಟ್ಟರೆ 20 ವ್ಯಾಟ್, ಹೆಚ್ಚಾಯಿತು. ಸರಿ, ಎರಡು ಸೆಲ್ ಇಟ್ಟು, ನಡುವೆ ಡಿಸಿ ಮೋಟಾರಿನ ವೇಗ ತಗ್ಗಿಸುವ ಪಿಡಬ್ಲ್ಯುಎಂ ಬೋರ್ಡ್ ಹಾಕಿ, ಗುಬುಟನ್ನು ಅರ್ಧಕ್ಕೆ ನಿಲ್ಲಿಸಿದರೆ 10 ವ್ಯಾಟ್. ಕಾಗದದ ಮೇಲೆ ಚೆನ್ನಾಗಿಯೇ ಕಂಡಿತು.

ತಂತಿ ಕಟ್ಟಿದ ಮೇಲೆ ರೋಧವನ್ನು ಅಳೆದೂ ನೋಡಿದೆ. ಮೀಟರ್ 2.4 ಎಂದಿತು. 2.7 ಬರಬೇಕಿತ್ತು, 2.4 ಬಂತು, ಹತ್ತಿರವೇ ಇದೆಯಲ್ಲ ಎಂದು ಮುಂದೆ ಹೋದೆ. ಈ ‘ಹತ್ತಿರವೇ ಇದೆಯಲ್ಲ’ ಎಂಬುದಕ್ಕೆ ತೆತ್ತ ದಂಡವೇ ಮುಂದಿನ ಕಥೆ.

ಭಾನುವಾರ ಸಂಜೆ: ಮೊದಲ ಪರೀಕ್ಷೆ

ಎರಡು ಸೆಲ್ ಸೇರಿ 8.2 ವೋಲ್ಟ್. ಗುಬುಟು ಅರ್ಧದಲ್ಲಿ. ಅಮ್ಮೀಟರ್ ಸರಣಿಯಲ್ಲಿ. ಸ್ವಿಚ್ ಒತ್ತಿದೆ. 1.5 ಆಂಪಿಯರ್ ನಿರೀಕ್ಷಿಸಿದ್ದೆ, 1.9 ತೋರಿಸಿತು. ಥರ್ಮೊಕೋಲ್ ತಂದು ಹಿಡಿದರೆ ತಂತಿ ಮುಟ್ಟುವುದಕ್ಕೆ ಮೊದಲೇ ಅದು ಹಿಂದೆ ಸರಿಯಿತು. ಸೀಳಿನ ಅಗಲ ನಾಲ್ಕು ಮಿಲಿಮೀಟರ್, ಅಂಚೆಲ್ಲ ಗಾಜಿನ ಹಾಗೆ ಕರಗಿ ಗಟ್ಟಿಯಾದದ್ದು, ಮೇಲೆ ತೆಳು ಹೊಗೆಯ ಎಳೆ, ಸಿಹಿ ಬೆರೆತ ಕೆಟ್ಟ ವಾಸನೆ. ಅಷ್ಟರಲ್ಲಿ ನಮ್ಮೂರಿನ ಮಳೆಗಾಲದ ಪದ್ಧತಿಯಂತೆ ಕರೆಂಟು ಹೋಯಿತು. ಕತ್ತಲಲ್ಲಿ ನೋಡಿದರೆ ತಂತಿ ಮಂದವಾಗಿ ಕೆಂಪಗಿತ್ತು.

“ಚೆನ್ನಾಗಿ ಕಾಣುತ್ತದೆ ಮಾವ” ಎಂದಳು ಇವಳು.

ಚೆನ್ನಾಗಿ ಕಂಡರೆ ತಪ್ಪು. ಯಾವುದೇ ವಸ್ತು ಕತ್ತಲಲ್ಲಿ ಕೆಂಪಾಗಿ ಕಣ್ಣಿಗೆ ಬೀಳಬೇಕಾದರೆ ಅದು 500 ಡಿಗ್ರಿ ದಾಟಿರಬೇಕು. ಥರ್ಮೊಕೋಲಿಗೆ ಅದರ ಅಗತ್ಯವೇ ಇಲ್ಲ. ಅಷ್ಟು ಬಿಸಿಯಲ್ಲಿ ಅದು ಕರಗುವುದನ್ನು ಬಿಟ್ಟು ಒಡೆದು ಸ್ಟೈರೀನ್ ಆವಿಯಾಗುತ್ತದೆ. ಸ್ವಿಚ್ ಬಿಟ್ಟು ಸೆಲ್‌ಗಳನ್ನು ಮುಟ್ಟಿದೆ. ಒಂದು ಉಗುರುಬೆಚ್ಚಗೆ, ಇನ್ನೊಂದು ಅಂಗೈಯಲ್ಲಿ ಹಿಡಿದು ನಿಲ್ಲಲಾಗದಷ್ಟಲ್ಲ, ಆದರೆ ಹಿಡಿದವನು ಮುಖ ಗಂಟಿಕ್ಕುವಷ್ಟು. ನಡೆಸಿದ್ದು ಮೂರು ನಿಮಿಷ ಮಾತ್ರ.

ಆ ರಾತ್ರಿ ಮೇಣದ ಬತ್ತಿಯ ಬೆಳಕಲ್ಲಿ ಇನ್ನೊಂದು ವಿಷಯ ಹೊಳೆಯಿತು, ಅದು ಮೊದಲೇ ಹೊಳೆಯಬೇಕಿತ್ತು. ಪಿಡಬ್ಲ್ಯುಎಂ ಬೋರ್ಡ್ ವೋಲ್ಟೇಜನ್ನು ಇಳಿಸುವುದಿಲ್ಲ. ಅದು ಸೆಕೆಂಡಿಗೆ ಸಾವಿರಾರು ಸಲ ಪೂರ್ತಿ ಹಚ್ಚಿ ಪೂರ್ತಿ ಆರಿಸುತ್ತದೆ, ಅಷ್ಟೆ. ಮೀಟರ್ ತೋರಿಸುವ 1.9 ಸರಾಸರಿ. ಹಚ್ಚಿದ ಆ ಕ್ಷಣದಲ್ಲಿ ಸೆಲ್ಲಿನಿಂದ ಹೊರಡುವುದು ಅದರ ಎರಡರಷ್ಟು, ಅಂದರೆ 3.8 ಆಂಪಿಯರ್. ಈ ಬಗೆಯ ಲ್ಯಾಪ್‌ಟಾಪ್ ಸೆಲ್ ಹೊಸದಾಗಿದ್ದಾಗಲೂ ತನ್ನ ಸಾಮರ್ಥ್ಯದ ಎರಡು ಪಟ್ಟು, ಅಂದರೆ 4.4 ಆಂಪಿಯರಿಗಿಂತ ಹೆಚ್ಚು ಕೊಡಲು ಹುಟ್ಟಿದ್ದಲ್ಲ. ಇವು ಮುದಿ ಸೆಲ್‌ಗಳು. ಗುಬುಟು ತಿರುಗಿಸಿ ತಂತಿಗೆ ಸಮಾಧಾನ ಹೇಳಬಹುದು, ಸೆಲ್ಲಿಗೆ ಅಲ್ಲ. ಇನ್ನು ಆ ಬೋರ್ಡಿನಲ್ಲಿ ಹಚ್ಚಿ ಆರಿಸುವ ಕೆಲಸ ಮಾಡುವ ಮಾಸ್ಫೆಟ್ ಎಂಬ ಭಾಗ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಆಗ ಗುಬುಟು ಸೊನ್ನೆಯಲ್ಲಿದ್ದರೂ ತಂತಿ ಪೂರ್ತಿ ಬಿಸಿ, ಅದೂ ಒಂಬತ್ತನೆಯ ತರಗತಿಯ ಹುಡುಗಿಯ ಕೈ ಪಕ್ಕದಲ್ಲಿ.

ಆದರೆ 1.5ರ ಜಾಗದಲ್ಲಿ 1.9 ಬಂದದ್ದಕ್ಕೆ ಇದು ಉತ್ತರವಲ್ಲ.

ಸೋಮವಾರ: ವೈಂಡಿಂಗ್ ಅಂಗಡಿ

ತಂತಿ ಕೊಂಡದ್ದು ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುವ ಅಂಗಡಿಯಲ್ಲಿ. ಇಸ್ತ್ರಿಪೆಟ್ಟಿಗೆ, ಹೀಟರ್ ರಿಪೇರಿಗೆಂದು ಅವರು ನೈಕ್ರೋಮನ್ನೂ ಇಟ್ಟಿರುತ್ತಾರೆ. ತಪ್ಪು ತಂತಿ ಕೊಟ್ಟಿದ್ದೀರಿ ಎಂದು ಹೇಳುವ ಆವೇಶದಲ್ಲೇ ಹೋದೆ. ಯಜಮಾನರು ಕನ್ನಡಕ ಮೇಲೇರಿಸಿ, ಮೊಳೆಗೆ ತೂಗುಹಾಕಿದ್ದ ಉಕ್ಕಿನ ದುಂಡು ಬಿಲ್ಲೆಯೊಂದನ್ನು ತೆಗೆದರು. ಅಂಚಿನ ಸುತ್ತ ಒಂದೊಂದು ನಂಬರಿಗೆ ಒಂದೊಂದು ಸೀಳು. ನನ್ನ ತಂತಿಯನ್ನು 27ರ ಸೀಳಿಗೆ ಇಟ್ಟರು, ಸಡಿಲವಾಗಿ ಆಡಿತು. 29ಕ್ಕೆ ಇಟ್ಟರು, ಹೋಗಲಿಲ್ಲ. 28ಕ್ಕೆ ಇಟ್ಟು ಎಳೆದರು, ಮೆಲ್ಲಗೆ ಉಜ್ಜಿಕೊಂಡು ಹೊರಬಂತು.

“ಇಪ್ಪತ್ತೆಂಟು ಕೇಳಿದಿರಿ, ಇಪ್ಪತ್ತೆಂಟೇ ಕೊಟ್ಟಿದ್ದೇನೆ ಮಾರಾಯರೇ. ನಿಮ್ಮ ಮೊಬೈಲಿನಲ್ಲಿ ಇರುವುದು ಯಾವ ದೇಶದ ಇಪ್ಪತ್ತೆಂಟು?”

ಅಮೆರಿಕದ್ದು. ಕೋಷ್ಟಕದ ತಲೆಯ ಮೇಲೆ ಎಡಬ್ಲ್ಯುಜಿ ಎಂದು ಬರೆದಿತ್ತು, ನಾನು ಓದಿರಲಿಲ್ಲ. ನಮ್ಮಲ್ಲಿ ವೈಂಡಿಂಗ್ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರ ಕಾಲದಿಂದ ಬಂದ ಎಸ್‌ಡಬ್ಲ್ಯುಜಿ. ಅಮೆರಿಕದ 28 ಎಂದರೆ 0.321 ಮಿಲಿಮೀಟರ್; ನಮ್ಮ 28 ಎಂದರೆ 0.376. ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ರೋಧ ನಿಂತಿರುವುದು ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ, ವಿಸ್ತೀರ್ಣ ನಿಂತಿರುವುದು ವ್ಯಾಸದ ವರ್ಗದ ಮೇಲೆ. ಮೀಟರಿಗೆ 13.5 ಇದ್ದದ್ದು ಸುಮಾರು 9.8 ಓಮಿಗೆ ಇಳಿಯುತ್ತದೆ. ನನ್ನ 20 ಸೆಂಟಿಮೀಟರಿಗೆ 2.7 ಅಲ್ಲ, 1.96.

ಹಾಗಾದರೆ ಮೀಟರ್ 2.4 ಎಂದದ್ದೇಕೆ? ಅಂಗಡಿಯಲ್ಲೇ ನಿಂತು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದೆ. 0.4 ಓಮ್. ಕಡ್ಡಿಗಳ ವೈರಿನದೇ ರೋಧ ಅದು. ಸಾವಿರ ಓಮ್ ಅಳೆಯುವಾಗ ಯಾರಿಗೂ ಲೆಕ್ಕಕ್ಕೆ ಬಾರದ 0.4, ಎರಡು ಓಮ್ ಅಳೆಯುವಾಗ ಐದರಲ್ಲಿ ಒಂದು ಪಾಲು. ಒಂದು ತಪ್ಪು ಮೇಲಕ್ಕೆ ಎಳೆದಿತ್ತು, ಅದು ಇನ್ನೊಂದು ತಪ್ಪಿನ ಮುಖ ಮುಚ್ಚಿತ್ತು. ಬರಬೇಕಾದ 2.7ಕ್ಕೂ ನಿಜವಾದ 2ಕ್ಕೂ ನಡುವೆ 2.4 ಕೂತು ನನ್ನನ್ನು ಸಮಾಧಾನಪಡಿಸಿತ್ತು. ಯಜಮಾನರ ಮುಖದಲ್ಲಿ ನಗು ಇರಲಿಲ್ಲ, ಅದೇ ಹೆಚ್ಚು ನೋವಾಯಿತು. ಒಂದು ಮೀಟರ್ ತಂತಿ ಹೆಚ್ಚಿಗೆ ಕೊಂಡು ಬಂದೆ.

ಅದೇ ಸಂಜೆ: ಅಳೆಯುವ ಸರಿಯಾದ ದಾರಿ

ಇಷ್ಟು ಕಡಿಮೆ ರೋಧವನ್ನು ಓಮ್‌ಮೀಟರಿನಿಂದ ಅಳೆಯಲು ಹೋಗದಿರುವುದೇ ಮೇಲು. ಪ್ರವಾಹ ಹರಿಸಿ, ತಂತಿಯ ಎರಡು ತುದಿಗಳಿಗೇ ಕಡ್ಡಿ ಮುಟ್ಟಿಸಿ ವೋಲ್ಟ್ ಅಳೆದು ಭಾಗಿಸಬೇಕು. ವೋಲ್ಟ್ ಅಳೆಯುವಾಗ ಕಡ್ಡಿಯ ವೈರಿನಲ್ಲಿ ಪ್ರವಾಹವೇ ಇಲ್ಲದಷ್ಟು ಕಡಿಮೆ, ಹಾಗಾಗಿ ಅದರ ರೋಧ ಮಧ್ಯೆ ಬಾಯಿ ಹಾಕುವುದಿಲ್ಲ. ನನ್ನ ಬಳಿ ಇರುವುದು ಎರಡು ಮೀಟರ್. ಒಂದನ್ನು ಆಂಪಿಯರಿಗೆ, ಒಂದನ್ನು ವೋಲ್ಟಿಗೆ ಇಟ್ಟೆ. ಪಿಡಬ್ಲ್ಯುಎಂ ಬೋರ್ಡ್ ಕಿತ್ತು ಹಾಕಿ ಒಂದೇ ಸೆಲ್ಲನ್ನು ನೇರ ಜೋಡಿಸಿದೆ.

ಹೊರೆ ಇಲ್ಲದಾಗ ಸೆಲ್ 4.05 ವೋಲ್ಟ್. ಸ್ವಿಚ್ ಒತ್ತಿದಾಗ ಪ್ರವಾಹ 1.93 ಆಂಪಿಯರ್, ಸೆಲ್ಲಿನ ತುದಿಗಳಲ್ಲಿ 3.91, ತಂತಿಯ ತುದಿಗಳಲ್ಲಿ 3.80. ಈ ನಾಲ್ಕು ಅಂಕಿಗಳು ಎಲ್ಲವನ್ನೂ ಹೇಳುತ್ತವೆ. 3.80ನ್ನು 1.93ರಿಂದ ಭಾಗಿಸಿದರೆ 1.97 ಓಮ್, ಯಜಮಾನರ 28 ನಂಬರ್ ಅಚ್ಚುಕಟ್ಟಾಗಿ ಬಂದು ಕೂತಿತು. ಸೆಲ್ಲಿನೊಳಗೆ ಬಿದ್ದುಹೋದದ್ದು 0.14 ವೋಲ್ಟ್, ಅದನ್ನು 1.93ರಿಂದ ಭಾಗಿಸಿದರೆ ಒಳರೋಧ ಸುಮಾರು 0.07 ಓಮ್. ಮುದಿಯಾದರೂ ಕೆಲಸಕ್ಕೆ ಬರುವ ಸೆಲ್. ಮೂರನ್ನೂ ಹೀಗೆ ನೋಡಿದೆ. ಎರಡು ಒಂದೇ ಥರ. ಭಾನುವಾರ ಹೆಚ್ಚು ಬಿಸಿಯಾಗಿದ್ದ ಆ ಒಂದರ ಒಳರೋಧ ಉಳಿದೆರಡರ ಎರಡರಷ್ಟಕ್ಕಿಂತ ಹೆಚ್ಚು. ಬಿಸಿಯಾದದ್ದೇಕೆ ಎಂದು ತಿಳಿಯಿತು, ಅದನ್ನೂ ನಿವೃತ್ತಿಗೊಳಿಸಿದೆ. ಉಳಿದ 0.11 ವೋಲ್ಟ್ ವೈರು, ಸ್ವಿಚ್ಚು, ತಿರುಪು, ಆಂಪಿಯರ್ ಮೀಟರ್ ಇವುಗಳಲ್ಲಿ ಹಂಚಿ ಹೋದದ್ದು.

ತಂತಿಗೆ ಸಿಕ್ಕ ಶಕ್ತಿ 3.80 ಗುಣಿಸು 1.93, ಅಂದರೆ 7.3 ವ್ಯಾಟ್, ಸೆಂಟಿಮೀಟರಿಗೆ 0.37. ಥರ್ಮೊಕೋಲ್ ತುಂಡೊಂದನ್ನು ಮೆಲ್ಲಗೆ ತಳ್ಳಿದೆ. ಸದ್ದಿಲ್ಲ, ಹೊಗೆಯಿಲ್ಲ. ಸೀಳು ತಂತಿಗಿಂತ ಕೂದಲೆಳೆಯಷ್ಟು ಅಗಲ. ಎರಡು ಭಾಗಗಳ ನಡುವೆ ಜೇಡರ ಬಲೆಯಂಥ ಒಂದೆರಡು ಎಳೆಗಳು ಮಾತ್ರ ಅಂಟಿ ಬಂದವು. ಎರಡು ಸೆಲ್, ಒಂದು ಬೋರ್ಡ್, ಒಂದು ಗುಬುಟು ಸೇರಿ ಕೆಡಿಸಿದ್ದನ್ನು ಒಂದೇ ಸೆಲ್ ಏನೂ ಇಲ್ಲದೆ ಮಾಡಿತ್ತು. ಮೊದಲ ದಿನ ರೋಧವನ್ನು ಸರಿಯಾಗಿ ಅಳೆದಿದ್ದರೆ ಎರಡನೆಯ ಸೆಲ್ಲನ್ನು ಸರಣಿಗೆ ತರುವ ಯೋಚನೆಯೇ ಬರುತ್ತಿರಲಿಲ್ಲ.

ಎರಡನೆಯ ಸೆಲ್ಲನ್ನು ಬಿಡಲಿಲ್ಲ, ಸಮಾಂತರವಾಗಿ ಜೋಡಿಸಿದೆ. ವೋಲ್ಟ್ ಅಷ್ಟೇ, ಆದರೆ ಒಂದೊಂದರ ಮೇಲೆ ಬೀಳುವ ಹೊರೆ ಒಂದು ಆಂಪಿಯರಿಗಿಂತ ಸ್ವಲ್ಪ ಕಡಿಮೆ. ಮುಟ್ಟಿದರೆ ತಣ್ಣಗೇ ಇರುತ್ತವೆ. ಸಮಾಂತರ ಜೋಡಿಸುವ ಮೊದಲು ಎರಡನ್ನೂ ಒಂದೇ ವೋಲ್ಟಿಗೆ ತರಬೇಕು. 4.1ರ ಸೆಲ್ಲನ್ನು 3.5ರ ಸೆಲ್ಲಿಗೆ ತಟ್ಟನೆ ಸೇರಿಸಿದರೆ ನಡುವಿನ 0.6 ವೋಲ್ಟಿಗೆ ಅಡ್ಡಿಯಾಗಿ ಇರುವುದು ಎರಡರ ಒಳರೋಧ ಮಾತ್ರ. ನನ್ನ ಸೆಲ್‌ಗಳ ಲೆಕ್ಕದಲ್ಲಿ ನಾಲ್ಕು ಆಂಪಿಯರಿನ ಮೇಲೆ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ, ತಡೆಯುವವರಿಲ್ಲ.

ಚಾರ್ಜಿಗೆ ಟಿಪಿ4056 ಎಂಬ ಚಿಕ್ಕ ಬೋರ್ಡ್, ರಕ್ಷಣೆಯ ಚಿಪ್ ಇರುವ ಬಗೆಯದು. 4.2ಕ್ಕೆ ಚಾರ್ಜ್ ನಿಲ್ಲಿಸುತ್ತದೆ, ಪ್ರವಾಹ ಮೂರು ಆಂಪಿಯರ್ ಸುಮಾರಿಗೆ ಹೋದರೆ ಕಡಿಯುತ್ತದೆ. ಸೆಲ್ ಖಾಲಿಯಾದಾಗ ಅದು ಕಡಿಯುವುದು 2.5ರ ಹತ್ತಿರ, ಅದು ನನಗೆ ತೀರ ಕೆಳಗೆ. ಅದನ್ನು ಕೊನೆಯ ಬೇಲಿ ಎಂದು ಮಾತ್ರ ಇಟ್ಟುಕೊಂಡೆ. ವೋಲ್ಟ್ ತೋರಿಸುವ ಪುಟ್ಟ ಮೀಟರ್ ಹಚ್ಚಿ, 3.3 ಕಂಡ ಕೂಡಲೇ ನಿಲ್ಲಿಸು ಎಂದು ಇವಳಿಗೆ ಹೇಳಿದೆ. ಆ ಹೊತ್ತಿಗೆ ತಂತಿಯ ಶಕ್ತಿ 5.5 ವ್ಯಾಟಿಗೆ ಇಳಿದು ಕೊಯ್ತ ಹೇಗೂ ನಿಧಾನವಾಗಿರುತ್ತದೆ, ಕೈಗೇ ಗೊತ್ತಾಗುತ್ತದೆ. ಧನ ತುದಿಯಿಂದ ಎರಡು ಬೆರಳು ದೂರದಲ್ಲೇ ಕಾರಿನಲ್ಲಿ ಬಳಸುವ 3 ಆಂಪಿಯರಿನ ಬ್ಲೇಡ್ ಫ್ಯೂಸ್. ಸ್ವಿಚ್ಚಿಗೆ ಕಾಲಿಂಗ್ ಬೆಲ್ಲಿನ ಒತ್ತುಗುಂಡಿಯನ್ನು ಹಲಗೆಗೆ ಬಿಗಿದು ಕಾಲಡಿ ಇಟ್ಟೆ. ಕಾಲು ಎತ್ತಿದರೆ ತಂತಿ ಆರಬೇಕು. ಗಾಬರಿಯಾದವರು ಮೊದಲು ಮಾಡುವುದು ಕಾಲು ಎತ್ತುವುದೇ.

ಪೆನ್ನಿನಷ್ಟು ಚಿಕ್ಕ ಕಟರ್

ಮೂರನೆಯ ವಾರ ಇವಳು ಕೇಳಿದ ಪ್ರಶ್ನೆ: “ಮಾವ, ಇದನ್ನೇ ಪೆನ್ನಿನ ಹಾಗೆ ಚಿಕ್ಕದು ಮಾಡಿದರೆ? ಐದು ಸೆಂಟಿಮೀಟರ್ ತಂತಿ ಸಾಕು. ಸೆಲ್ ಅದೇ. ತಂತಿ ಚಿಕ್ಕದಾದರೆ ಬಿಸಿಯೂ ಕಡಿಮೆಯಲ್ಲವೇ?”

ಮನಸ್ಸು ಹಾಗೆಯೇ ಹೇಳುತ್ತದೆ, ಆಗುವುದು ಅದರ ತದ್ವಿರುದ್ಧ. ಕಾಗದ ಕೊಟ್ಟು ಅವಳಿಂದಲೇ ಲೆಕ್ಕ ಮಾಡಿಸಿದೆ. ಉದ್ದ ಅರ್ಧವಾದರೆ ರೋಧ ಅರ್ಧ. ರೋಧ ಅರ್ಧವಾದರೆ ಅದೇ ವೋಲ್ಟಿಗೆ ಪ್ರವಾಹ ಎರಡು ಪಟ್ಟು, ಒಟ್ಟು ಶಾಖ ಎರಡು ಪಟ್ಟು. ಆ ಎರಡು ಪಟ್ಟು ಶಾಖ ಕೂರಬೇಕಾದದ್ದು ಅರ್ಧ ಉದ್ದದಲ್ಲಿ, ಹಾಗಾಗಿ ಸೆಂಟಿಮೀಟರಿಗೆ ನಾಲ್ಕು ಪಟ್ಟು. ಕಾಲು ಭಾಗ ಉದ್ದವಾದರೆ ಹದಿನಾರು ಪಟ್ಟು. ಐದು ಸೆಂಟಿಮೀಟರಿಗೆ ರೋಧ ಅರ್ಧ ಓಮ್, 4.2 ವೋಲ್ಟಿಗೆ 8.4 ಆಂಪಿಯರ್, 35 ವ್ಯಾಟ್. ಪೆನ್ಸಿಲ್ ನಿಲ್ಲಿಸಿ ನನ್ನನ್ನೇ ನೋಡಿದಳು.

ಅರ್ಧ ಓಮ್, ಒಂದು 18650. ಇದು ಇ-ಸಿಗರೇಟು ಸೇದುವವರ ಲೆಕ್ಕ; ಅದರೊಳಗೂ ಸೆಲ್ಲಿನಿಂದ ಬಿಸಿಯಾಗುವ ತಂತಿಯ ಸುರುಳಿಯೇ ಇರುವುದು. ಭಾರತದಲ್ಲಿ 2019ರ ಕಾಯ್ದೆ ಅವುಗಳ ತಯಾರಿಕೆ, ಆಮದು, ಮಾರಾಟ ಎಲ್ಲವನ್ನೂ ನಿಷೇಧಿಸಿದೆ, ನನಗೆ ಅದರ ಬಗ್ಗೆ ದುಃಖವೇನಿಲ್ಲ. ಆದರೆ ಸುರುಳಿಯ ಓಮ್, ಸೆಲ್ಲಿನ ಆಂಪಿಯರ್ ಎಂದು ಅಂತರ್ಜಾಲದಲ್ಲಿ ಹುಡುಕಿದರೆ ಎದುರಾಗುವುದು ಬಹುಪಾಲು ಹೊರದೇಶಗಳ ಅದೇ ಜನ, ಮತ್ತು ಅವರು ಎಡವುವುದು ನಾನು ಎಡವಿದ ಜಾಗಗಳಲ್ಲೇ. ಯಾವ ಎಲೆಕ್ಟ್ರಾನಿಕ್ ರಕ್ಷಣೆಯೂ ಇಲ್ಲದ ಕೊಳವೆಯೊಳಗೆ ಸೆಲ್ ಇಟ್ಟು 0.2 ಓಮಿನ ಸುರುಳಿ ಹಾಕುತ್ತಾರೆ. 4.2 ವೋಲ್ಟಿಗೆ ಅದು 21 ಆಂಪಿಯರ್ ಕೇಳುತ್ತದೆ. ಹೆಚ್ಚು ಪ್ರವಾಹಕ್ಕೆಂದೇ ಮಾಡಿದ, ಹೆಸರುವಾಸಿಯಾದ ಸ್ಯಾಮ್‌ಸಂಗ್ 25ಆರ್ ಸೆಲ್ಲಿನ ಮಿತಿಯೇ 20. ಅದೇ ಸುರುಳಿಗೆ ಎರಡು ಸೆಲ್ ಸರಣಿಯಲ್ಲಿ ಕೊಟ್ಟರೆ 42. ನನ್ನ ಲ್ಯಾಪ್‌ಟಾಪ್ ಸೆಲ್ಲಿನಂಥದ್ದನ್ನು ಅಲ್ಲಿ ಹಾಕಿದರೆ ಅದು ಬಾಯಿಯ ಹತ್ತಿರ ಹಿಡಿದ ಮದ್ದಿನ ತುಂಡು. ಮೈಮೇಲೆ 9900 ಮಿಲಿಆಂಪಿಯರ್ ಗಂಟೆ ಎಂದು ಬರೆದ ಅಗ್ಗದ ಸೆಲ್‌ಗಳ ಕಥೆ ಬೇರೆಯೇ ಇದೆ. 18650ರ ಡಬ್ಬಿಯಲ್ಲಿ ಅಷ್ಟು ತುಂಬಲು ಜಾಗವೇ ಇಲ್ಲ. ಒಮ್ಮೆ ಅಂಥದ್ದೊಂದನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ. ಒಳ್ಳೆಯ ಸೆಲ್ 45 ಗ್ರಾಮಿನ ಆಸುಪಾಸು ತೂಗುತ್ತದೆ, ಅದು 31 ತೂಗಿತು.

ಪೆನ್ನಿನ ಕಟರಿಗೆ ಪರಿಹಾರ ಗುಬುಟಿನಲ್ಲಿ ಇರಲಿಲ್ಲ, ಬ್ಯಾಟರಿಯಲ್ಲೇ ಇತ್ತು. ಟಾರ್ಚಿಗೆ ಹಾಕುವ ಎಎ ಗಾತ್ರದ ರೀಚಾರ್ಜ್ ಸೆಲ್ 1.2 ವೋಲ್ಟ್. ಅರ್ಧ ಓಮಿಗೆ 2.4 ಆಂಪಿಯರ್, 2.9 ವ್ಯಾಟ್, ವೈರಿನಲ್ಲಿ, ಸೆಲ್ಲಿನೊಳಗೆ ಹೋಗುವುದನ್ನು ಕಳೆದರೆ ಸೆಂಟಿಮೀಟರಿಗೆ ಅರ್ಧ ವ್ಯಾಟಿನ ಆಸುಪಾಸು. ಹಳೆಯ ಮಾರ್ಕರಿನ ಕೊಳವೆಯೊಳಗೆ ಕೂತ ಆ ಪುಟ್ಟ ಕಟರ್ ಈಗ ಅವಳ ಕಂಪಾಸ್ ಪೆಟ್ಟಿಗೆಯ ಪಕ್ಕದಲ್ಲಿದೆ, ಸೆಲ್ ಮಾತ್ರ ಬೇರೆ ಡಬ್ಬಿಯಲ್ಲಿ.

ಕಣಿವೆ ಎದ್ದದ್ದು

ಕಿಟಕಿ ತೆರೆದಿಟ್ಟು, ಫ್ಯಾನ್ ಹೊರಕ್ಕೆ ತಿರುಗಿಸಿ ಕತ್ತರಿಸಿದೆವು. ಇವಳು ಹಾಸಿಗೆಯ ಸ್ಪಂಜನ್ನೂ ತಂದು ಕೊಯ್ಯಲು ಹೊರಟಿದ್ದಳು, ಬೇಡವೆಂದೆ. ಪಾಲಿಯುರೆಥೇನ್ ಸುಟ್ಟ ಹೊಗೆಯಲ್ಲಿ ಸಯನೈಡಿನ ಅನಿಲ ಇರುತ್ತದೆ. ಫ್ಲೆಕ್ಸ್ ಅಂಟಿಸುವ ಸನ್‌ಬೋರ್ಡ್ ಕೂಡ ಬೇಡ, ಅದು ಪಿವಿಸಿ, ಬಿಸಿ ಮಾಡಿದರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬಿಡುತ್ತದೆ.

ಪದರಗಳು ಸರಸರನೆ ಬಂದವು. ಲಿಂಗನಮಕ್ಕಿಯ ನೀರಿನ ಅಂಚು ಹಿಡಿಯುವುದು ಮಾತ್ರ ತಡವಾಯಿತು. ಪೂರ್ಣ ಮಟ್ಟ 1819 ಅಡಿ, ಅಂದರೆ 554 ಮೀಟರ್, ನಮ್ಮ ನೂರು ಮೀಟರಿನ ಲೆಕ್ಕದಲ್ಲಿ ಯಾವ ಪದರಕ್ಕೂ ಕೂರುವುದಿಲ್ಲ. ಐದೂವರೆಯ ಜಾಗಕ್ಕೆ ಐದು ಮಿಲಿಮೀಟರಿನ ತೆಳು ಹಲಗೆ ಸೀಳಿ, ಅದರಲ್ಲಿ ಹಿನ್ನೀರಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಜೋಗದ ಜಾಗದಲ್ಲಿ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. 253 ಮೀಟರ್ ನೆಟ್ಟಗಿನ ಇಳಿತ, ನಮ್ಮ ಮಾದರಿಯಲ್ಲಿ ಎರಡೂವರೆ ಹಲಗೆ. ಬಿಡಿ ಬಿಡಿಯಾಗಿ ಕತ್ತರಿಸಿದರೆ ಮೆಟ್ಟಿಲಾಗುತ್ತದೆ, ಬಂಡೆಯಾಗುವುದಿಲ್ಲ. ಮೂರನ್ನೂ ಅಂಟಿಸಿ ಒಟ್ಟಿಗೆ ಕೊಯ್ಯೋಣ ಎಂದು ಬಿಳಿ ಗೋಂದು ಹಚ್ಚಿದೆವು. ತಂತಿ ಗೋಂದಿನ ಪದರಕ್ಕೆ ಬಂದು ನಿಂತೇಬಿಟ್ಟಿತು, ತಳ್ಳಿದರೆ ಬಿಲ್ಲಿನ ಹಾಗೆ ಬಾಗಿತು. ಆ ತುಂಡು ಹಾಳು. ಗುಂಡುಸೂಜಿ ಚುಚ್ಚಲು ಹೋದವಳ ಕೈ ಹಿಡಿದೆ. ಲೋಹ ತಂತಿಗೆ ತಗುಲಿದರೆ ಅಷ್ಟು ಉದ್ದದ ರೋಧ ಮಾಯ, ಈಗಷ್ಟೇ ಕಾಗದದ ಮೇಲೆ ಮಾಡಿದ ಲೆಕ್ಕ ಮೇಜಿನ ಮೇಲೆ ನಡೆಯುತ್ತದೆ. ಅಂಗಳದ ಹಿಡಿ ಪೊರಕೆಯಿಂದ ನಾಲ್ಕು ತೆಂಗಿನ ಕಡ್ಡಿ ಮುರಿದು ತಂದು, ಕೊಯ್ತದ ಗೆರೆಯಿಂದ ದೂರದಲ್ಲಿ ಚುಚ್ಚಿ ಮೂರು ಹಲಗೆಗಳನ್ನು ಒಂದು ಮಾಡಿದಳು. ಮೀಟರ್ 3.6 ತೋರಿಸುತ್ತಿತ್ತು. ಕಾಲು ಒತ್ತಿ, ಉಸಿರು ಬಿಗಿಹಿಡಿದು ಮೆಲ್ಲಗೆ ತಳ್ಳಿದಳು. ತುಂಡು ಬೇರೆಯಾಗಿ ಬಂದಾಗ ಬಂಡೆಯ ಮುಖ ನೆಟ್ಟಗಿತ್ತು, ಕೈ ನಡುಗಿದ ಒಂದು ಕಡೆ ಸಣ್ಣ ಕೊರಕಲು ಬಿದ್ದಿತ್ತು.

“ಅದು ರಾಜ ಬೀಳುವ ಜಾಗ” ಎಂದು ಹೇಳಿ ಅಲ್ಲೇ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದಳು.